ಪದಚರ್ಚೆ: ವರ್ಕ್‌ಫ್ಲೋ ಹಂತದ ಹೆಸರು ‘ಪರಿಶೀಲನೆ’ಯೋ ‘ಪರಿಶೀಲನೆಗೆ’ಯೋ?

ಪ್ರಶ್ನೆ

ನಮಸ್ಕಾರ. ತಂಡದ ಕೆಲಸಗಳ ಜಾಡು ಹಿಡಿಯುವ ಸಾಫ್ಟ್‌ವೇರ್ ಜಿರಾದಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಅದರ ವರ್ಕ್‌ಫ್ಲೋವನ್ನು, ಅಂದರೆ ಕೆಲಸ ಹಂತದಿಂದ ಹಂತಕ್ಕೆ ಸಾಗುವ ಕ್ರಮವನ್ನು, ಪೂರ್ತಿ ಕನ್ನಡದಲ್ಲಿ ಇಡಬೇಕಾಗಿದೆ. ಲೇಖನ ಬರೆದು, ಪರಿಶೀಲಿಸಿ, ಪ್ರಕಟಿಸುವ ಏಳೆಂಟು ಜನರ ತಂಡಕ್ಕೆ. ಸ್ಟೇಟಸ್‌ಗಳಿಗೆ, ಅಂದರೆ ಹಂತಗಳಿಗೆ, ಸದ್ಯಕ್ಕೆ ಇಟ್ಟಿರುವ ಹೆಸರುಗಳು: ಬಾಕಿ, ಪ್ರಗತಿ, ಪರಿಶೀಲನೆ, ಅನುಮೋದನೆ, ಮುಕ್ತಾಯ. ಒಂದು ಹಂತದಿಂದ ಇನ್ನೊಂದಕ್ಕೆ ದಾಟಿಸುವ ಬಟನ್‌ಗಳಿಗೂ ಇವೇ ಹೆಸರು. ಇವು ಸರಿಹೋಗುತ್ತವೆಯೇ? ಇಶ್ಯೂ, ರಿಪೋರ್ಟರ್, ರೆಸಲ್ಯೂಷನ್, ಬ್ಯಾಕ್‌ಲಾಗ್ ಇವಕ್ಕೆ ಒಗ್ಗುವ ಮಾತು ಯಾವುದು? ವರ್ಕ್‌ಫ್ಲೋಗೆ ‘ಕಾರ್ಯಪ್ರವಾಹ’ ಅಂದರೆ ಆದೀತೇ?

ಉತ್ತರ 1

ಐದೂ ಬರಿಯ ನಾಮಪದಗಳು, ತೊಡಕು ಅಲ್ಲೇ ಇದೆ. ಜಿರಾದ ಬೋರ್ಡಿನಲ್ಲಿ ಪ್ರತಿ ಹಂತಕ್ಕೊಂದು ಕಾಲಂ, ಪ್ರತಿ ಕೆಲಸಕ್ಕೊಂದು ಕಾರ್ಡ್. ‘ಪರಿಶೀಲನೆ’ ಎಂಬ ಕಾಲಂನಲ್ಲಿ ಒಂದು ಕಾರ್ಡ್ ಕೂತಿದೆ ಅನ್ನಿ. ಅದನ್ನು ಇನ್ನು ಪರಿಶೀಲಿಸಬೇಕೋ, ಯಾರೋ ಪರಿಶೀಲಿಸುತ್ತಿದ್ದಾರೋ, ಪರಿಶೀಲನೆ ಮುಗಿದೇ ಹೋಗಿದೆಯೋ? ಬರೆದವರು ತಮ್ಮ ಪಾಲಿನದು ಮುಗಿಯಿತೆಂದು ಕಾರ್ಡನ್ನು ಅಲ್ಲಿಗೆ ದಾಟಿಸುತ್ತಾರೆ. ಪರಿಶೀಲಿಸಬೇಕಾದ ಇಬ್ಬರಲ್ಲಿ ಪ್ರತಿಯೊಬ್ಬರೂ ಅದು ಇನ್ನೊಬ್ಬರ ಕೈಯಲ್ಲಿದೆ ಅಂದುಕೊಳ್ಳುತ್ತಾರೆ. ಕಾರ್ಡ್ ನಾಲ್ಕು ದಿನ ಅಲ್ಲೇ ಇರುತ್ತದೆ, ಬೋರ್ಡಿನಲ್ಲಿ ಮಾತ್ರ ಎಲ್ಲವೂ ಸರಾಗವಾಗಿ ನಡೆದಂತೆ ಕಾಣುತ್ತದೆ.

ಕನ್ನಡದ ವಿಭಕ್ತಿ ಈ ಗಂಟನ್ನು ಒಂದೇ ಪ್ರತ್ಯಯದಲ್ಲಿ ಬಿಡಿಸುತ್ತದೆ. ಚತುರ್ಥಿ ಹಾಕಿ, ‘ಪರಿಶೀಲನೆಗೆ’: ಬಂದು ಕಾದಿದೆ, ಯಾರೂ ಕೈಗೆತ್ತಿಕೊಂಡಿಲ್ಲ. ಸಪ್ತಮಿ ಹಾಕಿ, ‘ಪರಿಶೀಲನೆಯಲ್ಲಿ’: ಒಬ್ಬರು ಕೈಗೆತ್ತಿಕೊಂಡಿದ್ದಾರೆ. ಮುಗಿದದ್ದಕ್ಕೆ ಕ್ರಿಯಾಪದವೇ ಬೇಕು: ‘ಪರಿಶೀಲನೆ ಆಗಿದೆ’. ಕಾನ್ಬಾನ್ ಎಂಬ, ಕೆಲಸಗಳನ್ನು ಕಾಲಂಗಳಲ್ಲಿ ತೋರಿಸುವ ಪದ್ಧತಿಯ ಬೋರ್ಡಿನಲ್ಲಿ ಕಾಯುವ ಕಾಲಂ ಬೇರೆ, ಮಾಡುವ ಕಾಲಂ ಬೇರೆ ಇಡಬೇಕು ಎನ್ನುವುದು ಇದಕ್ಕಾಗಿಯೇ. ಕೆಲಸ ಎಷ್ಟು ಹೊತ್ತು ಸುಮ್ಮನೆ ಕಾದಿತ್ತು, ಎಷ್ಟು ಹೊತ್ತು ನಿಜವಾಗಿ ನಡೆಯಿತು ಎಂದು ಬೇರೆಬೇರೆಯಾಗಿ ಅಳೆಯಬಹುದು.

ಹಾಗಾಗಿ ನಿಮ್ಮ ತಂಡಕ್ಕೆ ಆರು ಹಂತ ಸಾಕು: ಬರವಣಿಗೆಗೆ, ಬರವಣಿಗೆಯಲ್ಲಿ, ಪರಿಶೀಲನೆಗೆ, ಪರಿಶೀಲನೆಯಲ್ಲಿ, ಒಪ್ಪಿಗೆಗೆ, ಪ್ರಕಟವಾಗಿದೆ. ‘ಒಪ್ಪಿಗೆಯಲ್ಲಿ’ ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಒಪ್ಪಿಗೆ ಕೊಡುವುದು ಐದು ನಿಮಿಷದ ಕೆಲಸ, ಅದಕ್ಕೊಂದು ಹಂತ ಮಾಡಿದರೆ ಯಾರೂ ಕಾರ್ಡನ್ನು ಅಲ್ಲಿಗೆ ಸರಿಸುವುದಿಲ್ಲ. ಜಿರಾ ಪ್ರತಿ ಸ್ಟೇಟಸ್ಸನ್ನೂ ಮೂರು ವರ್ಗಗಳಲ್ಲಿ ಒಂದಕ್ಕೆ ಸೇರಿಸಲು ಹೇಳುತ್ತದೆ: ಮಾಡಬೇಕಾದ್ದು, ನಡೆಯುತ್ತಿರುವುದು, ಆದದ್ದು. ‘ಪರಿಶೀಲನೆಗೆ’ ಕಾಯುವ ಹಂತ ತಾನೇ ಎಂದು ಅದನ್ನು ಮೊದಲ ವರ್ಗಕ್ಕೆ ಹಾಕಬೇಡಿ. ಲೇಖನ ಆಗಲೇ ಅರ್ಧ ದಾರಿ ಬಂದಿದೆ. ಮೊದಲ ವರ್ಗಕ್ಕೆ ‘ಬರವಣಿಗೆಗೆ’ ಒಂದೇ, ಕೊನೆಯದಕ್ಕೆ ‘ಪ್ರಕಟವಾಗಿದೆ’ ಒಂದೇ, ಉಳಿದ ನಾಲ್ಕೂ ನಡುವಿನ ವರ್ಗಕ್ಕೆ.

ಬಟನ್‌ಗಳಿಗೆ ಹಂತದ ಹೆಸರನ್ನೇ ಇಡುವುದು ತಪ್ಪು. ಹಂತ ಎಂದರೆ ಕೆಲಸ ಈಗಿರುವ ಬಗೆ, ಬಟನ್ ಎಂದರೆ ಒತ್ತಿದರೆ ಆಗುವ ಕ್ರಿಯೆ. ‘ಬರೆಯಲು ತೊಡಗು’, ‘ಪರಿಶೀಲನೆಗೆ ಕಳಿಸು’, ‘ಕೈಗೆತ್ತಿಕೊ’, ‘ಒಪ್ಪಿಗೆಗೆ ಕಳಿಸು’, ‘ಪ್ರಕಟಿಸು’. ಮರ್ಯಾದೆಗೆಂದು ‘ಕಳಿಸಿ’ ಎಂದು ಬರೆಯುವವರಿದ್ದಾರೆ. ಬಟನ್ ಒತ್ತುವಾಗ ನಾವು ಸಾಫ್ಟ್‌ವೇರ್‌ಗೆ ಹೇಳುತ್ತಿರುತ್ತೇವೆ, ಅದು ನಮಗೆ ಹೇಳುತ್ತಿರುವುದಿಲ್ಲ. ಜೊತೆಗೆ ‘ಕಳಿಸಿ’ ಎನ್ನುವುದು ‘ಕಳಿಸಿದ ಮೇಲೆ’ ಎಂಬ ಅರ್ಥದಲ್ಲೂ ಓದಿಸಿಕೊಳ್ಳುತ್ತದೆ, ‘ಕಳಿಸು’ಗೆ ಆ ಗೊಂದಲವಿಲ್ಲ.

ಹಿಂದಕ್ಕೆ ಬರುವ ದಾರಿಯನ್ನು ಮರೆಯಬೇಡಿ. ಬರೀ ‘ವಾಪಸ್ ಕಳಿಸು’ ಎಂದರೆ ಸಾಲದು. ಒಪ್ಪಿಗೆಯ ಹಂತದಿಂದ ವಾಪಸ್ ಎಂದರೆ ಪರಿಶೀಲಕರಿಗೋ, ಬರೆದವರಿಗೋ? ‘ಬರೆದವರಿಗೆ ಮರಳಿಸು’ ಎಂದು ತಲುಪುವ ಜಾಗವನ್ನೂ ಸೇರಿಸಿ ಬರೆಯಿರಿ. ಅದು ತಲುಪಬೇಕಾದ್ದು ‘ಬರವಣಿಗೆಗೆ’ ಹಂತಕ್ಕೆ, ‘ಬರವಣಿಗೆಯಲ್ಲಿ’ಗಲ್ಲ. ಮರಳಿ ಬಂದದ್ದನ್ನು ಬರೆದವರು ಇನ್ನೂ ನೋಡಿಯೇ ಇಲ್ಲವಲ್ಲ.

ಇನ್ನು ಬಿಡಿ ಪದಗಳು. ಇಶ್ಯೂಗೆ ‘ಸಮಸ್ಯೆ’ ಅನ್ನುವ ಚಾಳಿ ಬಿಡಬೇಕು. ಹೊಸ ಲೇಖನ ಬರೆಯುವುದು ಯಾರಿಗೂ ಸಮಸ್ಯೆಯಲ್ಲ. ‘ಕೆಲಸ’ ಅಂದರೆ ಮುಗಿಯಿತು, ಅದರೊಳಗಿನದು ‘ಒಳಗೆಲಸ’. ಜಿರಾವನ್ನು ಮಾಡುವ ಅಟ್ಲಾಸಿಯನ್ ಕೂಡ 2025ರಲ್ಲಿ ‘ಇಶ್ಯೂ’ ಬಿಟ್ಟು ‘ವರ್ಕ್ ಐಟಂ’ ಎನ್ನತೊಡಗಿತು. ರಿಪೋರ್ಟರ್ ಎಂದರೆ ವರದಿಗಾರ ಅಲ್ಲ, ಆ ಕೆಲಸವನ್ನು ಪಟ್ಟಿಗೆ ಸೇರಿಸಿದವರು. ‘ಸೇರಿಸಿದವರು’ ಎಂದೇ ಇಡಿ, ಗಂಡು ಹೆಣ್ಣು ಎರಡಕ್ಕೂ ಸಲ್ಲುತ್ತದೆ. ಅಸೈನಿಗೆ, ಅಂದರೆ ಕೆಲಸ ವಹಿಸಿಕೊಂಡವರಿಗೆ, ‘ಹೊಣೆ’. ಡ್ಯೂ ಡೇಟ್‌ಗೆ ‘ಗಡುವು’. ಹಲವು ಕೆಲಸಗಳನ್ನು ಒಳಗೊಂಡ ದೊಡ್ಡ ಕೆಲಸವಾದ ಎಪಿಕ್ ಅನ್ನು ಎಪಿಕ್ ಎಂದೇ ಬಿಡಿ.

ರೆಸಲ್ಯೂಷನ್ ಮಾತ್ರ ಹುಷಾರಾಗಿ ಹಿಡಿಯಬೇಕಾದ ಪದ. ‘ನಿರ್ಣಯ’ ಎಂದರೆ ಸಭೆಯ ನಿರ್ಣಯವಾಗುತ್ತದೆ, ‘ಪರಿಹಾರ’ ಎಂದರೆ ನಷ್ಟಕ್ಕೆ ಕೊಡುವ ಹಣವಾಗುತ್ತದೆ. ಆ ಖಾನೆ ಕೇಳುವುದು ಇಷ್ಟೇ: ಈ ಕೆಲಸ ಹೇಗೆ ಕೊನೆಗೊಂಡಿತು? ಅದಕ್ಕೆ ‘ಮುಗಿದ ಬಗೆ’ ಎನ್ನಿ. ಆಯ್ಕೆಗಳು: ಮಾಡಿ ಮುಗಿಸಿದೆ, ಮಾಡುವುದು ಬೇಡ, ಇದೇ ಇನ್ನೊಂದಿದೆ. ಹೆಸರು ತಪ್ಪಿದರೆ ಏನಾಗುತ್ತದೆ ನೋಡಿ. ‘ನಿರ್ಣಯ’ ಎಂದಿಟ್ಟವರು ಪಟ್ಟಿಗೆ ‘ಇನ್ನೂ ನಿರ್ಣಯವಾಗಿಲ್ಲ’ ಎಂಬ ಆಯ್ಕೆಯನ್ನೂ ಸೇರಿಸುತ್ತಾರೆ, ಕೇಳಲು ಸಹಜವಾಗೇ ಇದೆ. ಆದರೆ ಜಿರಾ ಆ ಖಾನೆಯಲ್ಲಿ ಯಾವ ಮಾತಿದ್ದರೂ ಕೆಲಸ ಮುಗಿಯಿತು ಎಂದೇ ಲೆಕ್ಕ ಹಾಕುತ್ತದೆ. ಖಾಲಿ ಇದ್ದರೆ ಮಾತ್ರ ಮುಗಿದಿಲ್ಲ. ‘ಮುಗಿದ ಬಗೆ: ಇನ್ನೂ ಮುಗಿದಿಲ್ಲ’ ಎಂದು ಬರೆಯಲು ಯಾರಿಗೂ ಕೈ ಬರುವುದಿಲ್ಲ, ಹೆಸರೇ ಕಾವಲು ಕಾಯುತ್ತದೆ.

ಖಾನೆ ತಾನಾಗಿ ತುಂಬಿಕೊಳ್ಳಲು ‘ಪ್ರಕಟಿಸು’ ಬಟನ್‌ಗೆ ಪೋಸ್ಟ್ ಫಂಕ್ಷನ್ (ಬಟನ್ ಒತ್ತಿದಾಗ ಜಿರಾ ತಾನೇ ಮಾಡುವ ಕ್ರಿಯೆ) ಹಾಕಿ. ಪ್ರಕಟವಾದದ್ದನ್ನು ‘ಮತ್ತೆ ತೆರೆ’ ಎನ್ನುವ ಬಟನ್‌ಗೆ ಆ ಖಾನೆಯನ್ನು ಖಾಲಿ ಮಾಡುವ ಪೋಸ್ಟ್ ಫಂಕ್ಷನ್ ಹಾಕಿ. ಎರಡನೆಯದನ್ನು ಮರೆಯುವವರೇ ಹೆಚ್ಚು. ಮರೆತರೆ ಕೆಲಸ ‘ಬರವಣಿಗೆಯಲ್ಲಿ’ ಇದ್ದರೂ ಅದರ ಸಂಖ್ಯೆಯ ಮೇಲೆ ಗೀಟು ಎಳೆದೇ ಇರುತ್ತದೆ, ಬಾಕಿ ಕೆಲಸಗಳ ವರದಿಯಲ್ಲಿ ಅದು ಕಾಣುವುದೇ ಇಲ್ಲ.

ಉತ್ತರ 2

ಮೇಲಿನ ‘ಗೆ’, ‘ಅಲ್ಲಿ’ ವಿಂಗಡಣೆ ಪೂರ್ತಿ ಒಪ್ಪುತ್ತೇನೆ. ಹಾಗಾದರೆ ‘ಬಾಕಿ’ಯನ್ನೂ ಅದೇ ಗಂಭೀರತೆಯಿಂದ ನೋಡಬೇಕು. ಬಾಕಿ ಎಂದರೆ ಕೊಡಬೇಕಾಗಿದ್ದು, ಹೊತ್ತು ಮೀರಿದ್ದು ಎಂಬ ಛಾಯೆ ಇದೆ. ಬ್ಯಾಕ್‌ಲಾಗ್‌ನಲ್ಲಿರುವ ಕೆಲಸ ತಡವಾದದ್ದಲ್ಲ, ಸರದಿಗೆ ಕಾದಿರುವುದು. ಅಲ್ಲಿರುವ ಎಲ್ಲವನ್ನೂ ಮಾಡಲೇಬೇಕೆಂಬ ಮಾತೂ ಇಲ್ಲ. ‘ಸರದಿ ಪಟ್ಟಿ’ ಅಂದರೆ ಮೇಲಿನದು ಮೊದಲು ಎಂಬ ಅರ್ಥವೂ ತಾನಾಗಿ ಬರುತ್ತದೆ, ಬ್ಯಾಕ್‌ಲಾಗ್‌ನ ಜೀವಾಳ ಅದೇ. ವಿದ್ಯಾರ್ಥಿಗಳ ಬಾಯಲ್ಲಿ ಬ್ಯಾಕ್‌ಲಾಗ್ ಎಂದರೆ ಪಾಸಾಗದೆ ಉಳಿದ ವಿಷಯ. ಆದ್ದರಿಂದ ಆ ಪದವನ್ನು ಹಾಗೇ ಇಟ್ಟುಕೊಳ್ಳುವುದೂ ಅಷ್ಟು ಕ್ಷೇಮವಲ್ಲ.

ವಿಭಕ್ತಿ ನೆರವಾಗದ ಒಂದು ಜಾಗವಿದೆ, ಒಂದು ಕೆಲಸವನ್ನು ಇನ್ನೊಂದಕ್ಕೆ ಜೋಡಿಸುವ ಲಿಂಕ್. ಜಿರಾ ಮೊದಲು ಲಿಂಕಿನ ಹೆಸರು, ಆಮೇಲೆ ಕೆಲಸದ ಸಂಖ್ಯೆ ತೋರಿಸುತ್ತದೆ. ‘ತಡೆದಿದೆ’ ಎಂದು ಹೆಸರಿಟ್ಟು ಪಕ್ಕದಲ್ಲಿ 12 ಬಂದರೆ, 12 ಇದನ್ನು ತಡೆದಿದೆಯೋ, ಇದು 12ನ್ನು ತಡೆದಿದೆಯೋ? ನಮ್ಮಲ್ಲಿ ಅದನ್ನು ಹೇಳುವುದು ನಾಮಪದದ ಪ್ರತ್ಯಯ, ಸಂಖ್ಯೆಗೆ ‘ಅನ್ನು’ ಹಚ್ಚಲು ಸಾಫ್ಟ್‌ವೇರ್‌ಗೆ ಬರುವುದಿಲ್ಲ. ‘ತಡೆಯಲ್ಪಟ್ಟಿದೆ’ ಎಂದು ಕರ್ಮಣಿಗೆ ಹೋದರೂ ಬಿಡಿಸಿಕೊಳ್ಳಲು ಮೂರು ಸಲ ಓದಬೇಕು. ಕ್ರಿಯಾಪದ ಬಿಟ್ಟು ಹೆಸರನ್ನೇ ಮಾಡಿಕೊಳ್ಳಿ: ಒಂದು ದಿಕ್ಕಿಗೆ ‘ಮೊದಲು ಮುಗಿಯಬೇಕಾದದ್ದು’, ಎದುರು ದಿಕ್ಕಿಗೆ ‘ಇದಕ್ಕಾಗಿ ಕಾದಿರುವುದು’. ಪಕ್ಕದಲ್ಲಿ ಯಾವ ಸಂಖ್ಯೆ ಬಂದರೂ ಅರ್ಥ ಕದಲುವುದಿಲ್ಲ.

ತಡೆಯ ಮಾತು ಬಂತೆಂದು ಇನ್ನೊಂದು. ‘ತಡೆಹಿಡಿದಿದೆ’ ಎಂಬ ಹಂತ ಸೇರಿಸುವ ಆಸೆ ಹಲವರಿಗೆ. ಆ ಪದದಲ್ಲಿ ಯಾರೋ ಬೇಕೆಂದೇ ಹಿಡಿದಿಟ್ಟರು ಎಂಬ ಧ್ವನಿಯಿದೆ. ಅದಕ್ಕಿಂತ ಮುಖ್ಯವಾದ ತೊಡಕು ಬೇರೆ: ಅಡ್ಡಿ ತೀರಿದ ಮೇಲೆ ಕಾರ್ಡ್ ಯಾವ ಹಂತಕ್ಕೆ ಮರಳಬೇಕೆಂದು ಕಾಲಂ ಹೇಳುವುದಿಲ್ಲ. ಹಂತ ಬದಲಿಸದೆ ಕಾರ್ಡಿಗೆ ಫ್ಲ್ಯಾಗ್ ಹಾಕಿ, ಕಾರ್ಡ್ ಇದ್ದಲ್ಲೇ ಹಳದಿಯಾಗುತ್ತದೆ. ಅದಕ್ಕೆ ‘ಅಡ್ಡಿ’ ಎಂಬ ಎರಡಕ್ಷರ ಸಾಕು. ಕಾಲಂನಲ್ಲಿ ಒಮ್ಮೆಗೆ ಇಷ್ಟೇ ಕಾರ್ಡ್ ಎಂದು ಮಿತಿ ಹಾಕುವುದಾದರೆ, ಪರಿಶೀಲಕರು ಇಬ್ಬರಿದ್ದರೆ ‘ಪರಿಶೀಲನೆಯಲ್ಲಿ’ ಕಾಲಂಗೆ ಎರಡು ಅಥವಾ ಮೂರು ಇಡಿ. ಮೀರಿದರೆ ಕಾಲಂ ಕೆಂಪಾಗುತ್ತದೆ ಅಷ್ಟೇ, ಕಾರ್ಡ್ ಒಳಬರುವುದು ನಿಲ್ಲುವುದಿಲ್ಲ. ‘ಮಿತಿ’ ಎಂಬ ಪದ ನೋಡಿ ಅದು ತಡೆಯುತ್ತದೆಂದು ನಂಬಬೇಡಿ.

ಕನ್ನಡದಲ್ಲೇ ಮಾಡುವಾಗ ಅಕ್ಷರಗಳ ವಿಷಯದಲ್ಲಿ ಎದುರಾಗುವ ಕಷ್ಟಗಳು ಎರಡು. ಪ್ರಾಜೆಕ್ಟ್ ಕೀ, ಅಂದರೆ ಪ್ರತಿ ಕೆಲಸದ ಸಂಖ್ಯೆಯ ಮುಂದೆ ಬರುವ ಅಕ್ಷರಗುಚ್ಛ, ರೋಮನ್ ದೊಡ್ಡಕ್ಷರದಲ್ಲೇ ಇರಬೇಕು, ಸಾಮಾನ್ಯವಾಗಿ ಎರಡರಿಂದ ಹತ್ತು ಅಕ್ಷರ. ಮೂರಕ್ಷರ ಇಟ್ಟರೆ ಮಾತಿನಲ್ಲಿ ಹೇಳಲು ಹಗುರ. ಎರಡನೆಯದು ಲೇಬಲ್, ಅಂದರೆ ಕೆಲಸಗಳನ್ನು ಗುಂಪು ಮಾಡಲು ಹಚ್ಚುವ ಗುರುತುಪದ. ಅದರಲ್ಲಿ ಜಾಗ ಬಿಡುವಂತಿಲ್ಲ, ‘ತುರ್ತು ಲೇಖನ’ ಎಂದು ಟೈಪಿಸಿದರೆ ಎರಡು ಲೇಬಲ್ ಆಗಬಹುದು, ನಡುವೆ ಅಡಿಗೆರೆ ಹಾಕಿ. ‘ಡ್ರಾಫ್ಟ್‌ಗೆ’ ಎಂದು ಟೈಪಿಸಿ ‘ಗೆ’ ಅಳಿಸಿದರೆ, ಅರ್ಧಾಕ್ಷರದ ನಂತರ ಹಾಕಿದ್ದ ಝೀರೋ ವಿಡ್ತ್ ನಾನ್ ಜಾಯಿನರ್ (ಎರಡು ಅಕ್ಷರ ಒತ್ತಾಗಿ ಕೂಡದಂತೆ ತಡೆಯುವ ಅದೃಶ್ಯ ಚಿಹ್ನೆ) ಕಣ್ಣಿಗೆ ಕಾಣದೆ ಉಳಿದುಬಿಡಬಹುದು. ಆಗ ‘ಡ್ರಾಫ್ಟ್’ ಎಂಬ ಲೇಬಲ್ ಎರಡೆರಡು ಸಲ ಪಟ್ಟಿಯಲ್ಲಿ ಕಾಣುತ್ತದೆ, ಒಂದನ್ನು ಹುಡುಕಿದರೆ ಇನ್ನೊಂದರ ಕೆಲಸಗಳು ಸಿಗುವುದಿಲ್ಲ. ‘ಕರಡು’ ಎಂದಿಟ್ಟರೆ ಆ ಅರ್ಧಾಕ್ಷರವೇ ಬರುವುದಿಲ್ಲ. ಸ್ವರಾಂತ ಪದ ಆರಿಸಿಕೊಳ್ಳಲು ಇದೊಂದು ಗಟ್ಟಿ ಕಾರಣ.

‘ಕಾರ್ಯಪ್ರವಾಹ’ ನನಗೆ ಒಪ್ಪಿಗೆಯಿಲ್ಲ. ಪ್ರವಾಹ ಎಂದರೆ ಇವತ್ತಿನ ಓದುಗರಿಗೆ ಮೊದಲು ನೆನಪಾಗುವುದು ನೆರೆ. ‘ಕೆಲಸದ ಹರಿವು’ ಕೇಳಲು ಚೆನ್ನ, ಆದರೆ ಹರಿವು ತಾನಾಗಿ ಆಗುವಂಥದು. ಇಲ್ಲಿ ಪ್ರತಿ ಹೆಜ್ಜೆಯನ್ನೂ ಯಾರೋ ಒಬ್ಬರು ಒತ್ತಿ ದಾಟಿಸಬೇಕು. ಅಡ್ಮಿನ್ ಪುಟದಲ್ಲಿ ‘ವರ್ಕ್‌ಫ್ಲೋ’ ಎಂದೇ ಇರಲಿ, ತಂಡದವರಿಗೆ ಬರೆದುಕೊಡುವ ಪುಟದಲ್ಲಿ ‘ಕೆಲಸದ ದಾರಿ’ ಎನ್ನಿ. ಹೆಸರುಗಳನ್ನು ಫಿಲ್ಟರ್ (ಕೆಲಸಗಳನ್ನು ಸೋಸಿ ತೋರಿಸುವ, ಉಳಿಸಿಟ್ಟ ಹುಡುಕಾಟ) ಬರೆಯುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಹಂತದ ಹೆಸರು ಹಿಡಿದು ಬರೆದ ಫಿಲ್ಟರ್‌ಗೆ ಆ ಹೆಸರು ಆಮೇಲೆ ಸಿಗದಿದ್ದರೆ ಅದು ದೋಷ ತೋರಿಸಿ ನಿಲ್ಲುತ್ತದೆ.