ಲೆಕ್ಕದಲ್ಲಿ ಆರು ಮೇಷ್ಟ್ರು, ಶಾಲೆಯಲ್ಲಿ ನಾಲ್ಕು: ನಿವೃತ್ತ ಬಿಇಒ ಜೊತೆ ಪ್ರಶ್ನೋತ್ತರ

ಅಡ್ಮಿನ್: ಸರ್ಕಾರಿ ಶಾಲೆಗಳ ಶಿಕ್ಷಕರ ಹಂಚಿಕೆ, ಅನುದಾನದ ಬಗ್ಗೆ ಇವತ್ತು ನಮ್ಮ ಗ್ರೂಪಿನಲ್ಲಿ ನಿವೃತ್ತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಡಂ ಉತ್ತರಿಸುತ್ತಾರೆ. ಶಾಲೆಯ ಹೆಸರು, ಅಧಿಕಾರಿಗಳ ಹೆಸರು ಬೇಡ. ಫಾರ್ವರ್ಡ್ ಬೇಡ.

ತುಮಕೂರಿನ ಪಾಲಕರು: ಮೇಡಂ, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳಿರಬೇಕು?

ಮೇಡಂ: ಎಲ್ಲರಿಗೂ ನಮಸ್ಕಾರ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಗೆ 30 ಮಕ್ಕಳಿಗೆ ಒಬ್ಬರು, 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರು. 1ರಿಂದ 5ರಲ್ಲೇ 200 ಮಕ್ಕಳು ದಾಟಿದರೆ 40ರವರೆಗೆ ಹೋಗಬಹುದು. ಈ ಲೆಕ್ಕವನ್ನು ಪ್ರತಿ ಶಾಲೆಗೂ ಪ್ರತ್ಯೇಕವಾಗಿ ಹಾಕಬೇಕು. ಜಿಲ್ಲೆಯ ಸರಾಸರಿ ತೋರಿಸಿ ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ಒಪ್ಪಬೇಡಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷೆ, ರಾಯಚೂರು ಕಡೆ: ಮೇಡಂ ರೀ, ನಮ್ಮೂರ ಶಾಲೆಯಲ್ಲಿ 1ರಿಂದ 5ರವರೆಗೆ 128 ಮಕ್ಕಳು, 6ರಿಂದ 8ರವರೆಗೆ 70 ಮಕ್ಕಳು. ಪಟ್ಟಿಯಲ್ಲಿ ಆರು ಶಿಕ್ಷಕರಿದ್ದಾರೆ. ಒಬ್ಬರು ಎರಡು ವರ್ಷದಿಂದ ತಾಲ್ಲೂಕು ಆಫೀಸಿನಲ್ಲಿ, ಇನ್ನೊಬ್ಬರು ಪಟ್ಟಣದ ಶಾಲೆಯಲ್ಲಿ. ಇಬ್ಬರ ಸಂಬಳವೂ ನಮ್ಮ ಶಾಲೆ ಲೆಕ್ಕದಲ್ಲೇ. ನಲಿ-ಕಲಿ ಕೋಣೆಯಲ್ಲಿ 80 ಮಕ್ಕಳಿಗೆ ಒಬ್ಬರೇ ಟೀಚರ್. ಕೇಳಿದರೆ ‘ನಿಮ್ಮಲ್ಲಿ ಸಾಕಷ್ಟು ಜನ ಇದ್ದಾರಲ್ಲ’ ಅಂತಾರೆ.

ಮೇಡಂ: ಅಧ್ಯಕ್ಷರೇ, ನೀವು ಬರೆದಿದ್ದನ್ನು ಎರಡು ಸಲ ಓದಿದೆ. ನನಗೆ ಬಹಳ ಚಿಂತೆ ಆಯಿತು.

ಮೊದಲು ಲೆಕ್ಕ. ಕಾಯ್ದೆಯ ಅನುಸೂಚಿ ಪ್ರಕಾರ ಕಿರಿಯ ವಿಭಾಗದಲ್ಲಿ 121ರಿಂದ 200 ಮಕ್ಕಳಿದ್ದರೆ ಐದು ಶಿಕ್ಷಕರು. ಮೇಲಿನ ಮೂರು ತರಗತಿಗೆ ತರಗತಿಗೊಬ್ಬರಂತೆ ಮೂವರು: ವಿಜ್ಞಾನ-ಗಣಿತ, ಸಮಾಜ, ಭಾಷೆ. ಒಟ್ಟು ಎಂಟು. ಆರು ಇದ್ದರೂ ನಿಮಗೆ ಕೊರತೆಯೇ. ಕೆಲಸ ಮಾಡುತ್ತಿರುವವರು ನಾಲ್ಕೇ ಜನ.

ಇನ್ನು ನಿಯೋಜನೆ, ಅಂದರೆ ಸಂಬಳ ಒಂದು ಕಡೆ, ಕೆಲಸ ಇನ್ನೊಂದು ಕಡೆ. ಕಲಂ 25ರಲ್ಲಿ ಸ್ಪಷ್ಟವಾಗಿದೆ: ಒಂದು ಶಾಲೆಗೆ ನೇಮಿಸಿದ ಶಿಕ್ಷಕರನ್ನು ಬೇರೆ ಶಾಲೆಗೋ ಆಫೀಸಿಗೋ ದುಡಿಸಿಕೊಳ್ಳುವಂತಿಲ್ಲ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗೆ ಮಾತ್ರ ಕಲಂ 27ರಲ್ಲಿ ವಿನಾಯಿತಿ. ತಾಲ್ಲೂಕು ಆಫೀಸಿನ ಫೈಲು ಅದರಲ್ಲಿ ಬರುವುದಿಲ್ಲ. ಪಟ್ಟಣದ ಶಾಲೆಗೆ ಒಬ್ಬರು ಜಾಸ್ತಿ ಸಿಕ್ಕರು, ನಿಮ್ಮ ಹುದ್ದೆ ಕಾಗದದಲ್ಲಿ ಭರ್ತಿಯಾಗೇ ಇದೆ. ಖಾಲಿ ಅಂತ ತೋರದಿದ್ದರೆ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಆ ಜಾಗಕ್ಕೆ ಇನ್ಯಾರೂ ಬರುವುದಿಲ್ಲ. ಅತಿಥಿ ಶಿಕ್ಷಕರನ್ನು ಕೇಳಿದರೂ ಅದೇ ಉತ್ತರ ಬರುತ್ತದೆ.

ನಲಿ-ಕಲಿ ಗೊತ್ತಿಲ್ಲದವರಿಗೆ: 1ರಿಂದ 3ನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ‘ತಟ್ಟೆ’ ಎಂಬ ಗುಂಪುಗಳಾಗಿ ಕೂರುತ್ತಾರೆ. ಮೊದಲ ತಟ್ಟೆಗೆ ಶಿಕ್ಷಕರ ಪೂರ್ಣ ಸಹಾಯ ಬೇಕು, ಕೊನೆಯ ತಟ್ಟೆ ತಾನೇ ಕಲಿಯುತ್ತದೆ. 80 ಮಕ್ಕಳಾದರೆ ಮೊದಲ ತಟ್ಟೆಯಲ್ಲೇ ಜಾಗ ಸಾಲದು. ಒಂದು ಕಲಿಕಾ ಕಾರ್ಡು ಮುಗಿಸಿದ ಮಗು ಮುಂದಿನ ಕಾರ್ಡು ಕೊಡುವವರಿಗಾಗಿ ಕಾಯುತ್ತಾ ಕೂರುತ್ತದೆ. ಅಕ್ಷರ ಹಿಡಿಯಬೇಕಾದ ವಯಸ್ಸಿನಲ್ಲಿ ಹಾಗೆ ಕೂತ ಮಗು 5ನೇ ತರಗತಿಗೆ ಬಂದರೂ ತಡವರಿಸುತ್ತದೆ. ಕೈಯಲ್ಲಿ ನಾಲ್ಕು ಕಾಸಿರುವವರು ಆಗ ಮಗುವನ್ನು ಖಾಸಗಿ ಶಾಲೆ ವ್ಯಾನು ಹತ್ತಿಸುತ್ತಾರೆ. ದಾಖಲಾತಿ ಇಳಿಯುತ್ತದೆ, ಮುಂದಿನ ಶಿಕ್ಷಕರ ಮರುಹೊಂದಾಣಿಕೆಯಲ್ಲಿ ‘ಹೆಚ್ಚುವರಿ’ ಅಂತ ಇನ್ನೊಂದು ಹುದ್ದೆ ಹೋಗುತ್ತದೆ. ಉಳಿಯುವುದು ಕೂಲಿಯವರ ಮಕ್ಕಳು.

ಈ ತಿಂಗಳ ಸಭೆಯಲ್ಲೇ ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಹಾಜರಿ ಪುಸ್ತಕದಲ್ಲಿ ಅವರಿಬ್ಬರ ಹೆಸರಿನ ಮುಂದೆ ಏನು ಬರೆದಿದ್ದಾರೆ ನೋಡಿ. ನಿಯೋಜನೆ ಆದೇಶದ ಪ್ರತಿ ಕೇಳಿ. ಬಿಇಒಗೆ ಅರ್ಜಿ, ಡಿಡಿಪಿಐಗೆ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರಿಗೆ) ಪ್ರತಿ, ಸ್ವೀಕೃತಿ ತಪ್ಪಿಸಬೇಡಿ. ಕಲಂ 32ರ ಅಡಿ ಸ್ಥಳೀಯ ಪ್ರಾಧಿಕಾರಕ್ಕೂ ದೂರು ಕೊಡಬಹುದು. ಆದಷ್ಟೂ ಮೂರು ತಿಂಗಳೊಳಗೆ ತೀರ್ಮಾನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಆಗದಿದ್ದರೆ ಮಕ್ಕಳ ಹಕ್ಕುಗಳ ಆಯೋಗಕ್ಕೆ ಮೇಲ್ಮನವಿ.

ಹಾಸನದ ಪಾಲಕರು: 30:1 ಅಂದರೆ ಜಿಲ್ಲೆಗಾ, ಶಾಲೆಗಾ?

ಮೇಡಂ: ಶಾಲೆಗೆ. ಮೇಲೆ ಬರೆದಿದ್ದೇನೆ.

ಮೈಸೂರಿನ ಸದಸ್ಯರು: ಇದೊಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಬಂದಿದೆ, 22 ಪ್ರಶ್ನೆ. ಹಾಕಿದರೆ 7 ದಿನದಲ್ಲಿ ಶಿಕ್ಷಕರು ಬರುತ್ತಾರಂತೆ. ಎಲ್ಲರೂ ಶೇರ್ ಮಾಡಿ.

ಮೇಡಂ: ದಯವಿಟ್ಟು ಯಾರೂ ಹಾಕಬೇಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದು ಹಾಗೇ ವಾಪಸ್ ಬರುತ್ತದೆ, ನಿಮ್ಮ ತಿಂಗಳು ಹಾಳು. ಆರ್‌ಟಿಐಯಿಂದ ಮಾಹಿತಿ ಸಿಗುತ್ತದೆ, ಶಿಕ್ಷಕರು ಸಿಗುವುದಿಲ್ಲ.

ಬೆಂಗಳೂರಿನ ಪಾಲಕರು: ಅನುದಾನದ ಬಗ್ಗೆ ಹೇಳಿ. ನಮ್ಮ ಬಡಾವಣೆಯ ಸರ್ಕಾರಿ ಶಾಲೆಗೆ ಕಂಪನಿಯೊಂದು ಸ್ಮಾರ್ಟ್ ಕ್ಲಾಸ್, ಶೌಚಾಲಯ ಎಲ್ಲ ಕೊಟ್ಟಿದೆ. ಬೇರೆಯವರೂ ಹೀಗೆ ಪ್ರಯತ್ನಿಸಬಹುದು ಅಲ್ವಾ?

ಮೇಡಂ: ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆ ಮೇಲೆ: 30 ಮಕ್ಕಳವರೆಗೆ ವರ್ಷಕ್ಕೆ 10,000, ನೂರರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000 ರೂಪಾಯಿ. ಊರು ಬಡದ್ದೋ ಅನುಕೂಲಸ್ಥರದ್ದೋ ಅಂತ ಅದು ನೋಡುವುದಿಲ್ಲ. ಕಂಪನಿ ಹಣದ ಕಥೆ ಬೇರೆ. 2013ರ ಕಂಪನಿ ಕಾಯ್ದೆಯ ಕಲಂ 135ರಂತೆ ದೊಡ್ಡ ಕಂಪನಿಗಳು ಲಾಭದ 2% ಖರ್ಚು ಮಾಡಬೇಕು, ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಕಂಪನಿಗಳೇ ಇಲ್ಲದ ತಾಲ್ಲೂಕಿನವರು ಎಲ್ಲಿ ಪ್ರಯತ್ನಿಸಬೇಕು?

ಬೆಂಗಳೂರಿನ ಪಾಲಕರು: ಅದಕ್ಕೆ ನಾವೇನು ಮಾಡೋಣ? ರಾಜ್ಯದ ತೆರಿಗೆ ಹೆಚ್ಚು ಹೋಗುವುದು ಇಲ್ಲಿಂದಲೇ.

ಸಿಂಧನೂರಿನ ಯುವಕ: ನಿಮ್ಮ ಅಪಾರ್ಟ್‌ಮೆಂಟ್ ಕಟ್ಟಿದವರು ನಮ್ಮೂರಿಂದ ಗುಳೆ ಬಂದವರು ಸರ್. ಅವರ ಮಕ್ಕಳು ಸೈಟಿನ ಶೆಡ್ಡಿನಲ್ಲಿದ್ದಾರೆ. 2002ರಲ್ಲೇ ನಂಜುಂಡಪ್ಪ ಸಮಿತಿ 114 ತಾಲ್ಲೂಕು ಹಿಂದುಳಿದಿವೆ ಅಂತ ವರದಿ ಕೊಟ್ಟಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ಬಂತು. ಮೇಷ್ಟ್ರು ಮಾತ್ರ ಬರಲಿಲ್ಲ.

ಹಳ್ಳಿ ಶಾಲೆಯ ಶಿಕ್ಷಕ: ಎಲ್ಲದಕ್ಕೂ ಮೇಷ್ಟ್ರನ್ನೇ ದೂರಬೇಡಿ. ಪಟ್ಟಣದಲ್ಲಿ ಮನೆ ಬಾಡಿಗೆ ಭತ್ಯೆ ಜಾಸ್ತಿ, ಹಳ್ಳಿಯಲ್ಲಿ ಕಡಿಮೆ. ಬಸ್ಸಿಲ್ಲ, ಬಾಡಿಗೆ ಮನೆ ಇಲ್ಲ. ಮಕ್ಕಳಿಗೆ ಮೊಟ್ಟೆ ತರುವುದೂ ನಾವೇ.

ಬೆಂಗಳೂರಿನ ಪಾಲಕರು: ನಿಮ್ಮ ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಾರೆ, ಅದನ್ನು ಹೇಳಿ.

ಹಳ್ಳಿ ಶಾಲೆಯ ಶಿಕ್ಷಕ: ನಾನು ಪಾಠ ಮಾಡುವ ಶಾಲೆಯಲ್ಲೇ. ಇನ್ನೇನಾದರೂ ಕೇಳುವುದಿದೆಯಾ?

ಕಾಸರಗೋಡಿನ ಸದಸ್ಯೆ: ಗಡಿನಾಡಿನ ಕನ್ನಡ ಶಾಲೆಗಳಿಗೆ ಶಿಕ್ಷಕರ ಅನುಪಾತ ಯಾರು ನಿಗದಿ ಮಾಡುತ್ತಾರೆ ಮೇಡಂ?

ಚಿತ್ರದುರ್ಗದ ಸದಸ್ಯ: ಸಣ್ಣ ಶಾಲೆಗಳನ್ನೆಲ್ಲ ಮುಚ್ಚಿ ಒಂದೇ ದೊಡ್ಡ ಶಾಲೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ಮೆಸೇಜ್ ಬಂದಿದೆ. ನಿಜಾನಾ?

ಮೇಡಂ: ಮತ್ತೆ ಫಾರ್ವರ್ಡ್. ಆರು ವರ್ಷದ ಹುಡುಗಿಯನ್ನು ಮೂರು ಕಿಲೋಮೀಟರ್ ಆಚೆ ಕಳಿಸುವವರು ಯಾರು, ವಾಹನದ ಖರ್ಚು ಕೊಡುವವರು ಯಾರು ಅಂತ ಆ ಮೆಸೇಜ್ ಬರೆದವರನ್ನು ಕೇಳಿ.

ಸಿಂಧನೂರಿನ ಯುವಕ: ತೆರಿಗೆ ಲೆಕ್ಕ ಹೇಳಿದವರು ಎಲ್ಲಿ ಹೋದರು?

ಅಡ್ಮಿನ್: ವೈಯಕ್ತಿಕ ಮಾತು ಸಾಕು. ಇಬ್ಬರಿಗೂ ಹೇಳುತ್ತಿದ್ದೇನೆ.

ದಾವಣಗೆರೆಯ ಪಾಲಕರು: 30 ಮಕ್ಕಳಿಗೆ ಒಬ್ಬರು ಅನ್ನೋದು ಹೈಸ್ಕೂಲಿಗೂ ಇದೆಯಾ?

ಮೇಡಂ: ಇಲ್ಲ. ಆ ಕಾಯ್ದೆ 8ನೇ ತರಗತಿವರೆಗೆ ಮಾತ್ರ.

ಎಸ್‌ಡಿಎಂಸಿ ಅಧ್ಯಕ್ಷೆ, ರಾಯಚೂರು ಕಡೆ: ಮೇಡಂ ರೀ, ಹೆಡ್ ಮಾಸ್ತರು ಆದೇಶದ ಪ್ರತಿ ಕೊಡಲು ಹೆದರುತ್ತಿದ್ದಾರೆ. ಮೇಲಿನವರು ಬೈತಾರೆ ಅಂತ.

ಮೇಡಂ: ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ, ಇರುವ ನಾಲ್ವರಲ್ಲಿ ಅವರೂ ಒಬ್ಬರು. ಆರ್‌ಟಿಐ ಹಾಕುವುದಾದರೆ ಇದಕ್ಕೆ ಹಾಕಿ. ಬಿಇಒ ಕಚೇರಿಯ ಮಾಹಿತಿ ಅಧಿಕಾರಿಗೆ, 10 ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ. ಒಂದೇ ವಾಕ್ಯ: ‘ನಮ್ಮ ಶಾಲೆಯಿಂದ ನಿಯೋಜನೆಗೊಂಡ ಶಿಕ್ಷಕರ ಆದೇಶಗಳ ದೃಢೀಕೃತ ಪ್ರತಿ ಕೊಡಿ.’ 30 ದಿನದ ಗಡುವಿದೆ. ಪ್ರತಿ ಕೈಗೆ ಬಂದ ದಿನ ನನಗೆ ಕಳಿಸಿ, ಡಿಡಿಪಿಐ ಅರ್ಜಿಯನ್ನು ಸೇರಿ ಬರೆಯೋಣ. ಉಳಿದವರ ಜಗಳಕ್ಕೆ ನಾನು ಉತ್ತರ ಕೊಡುವುದಿಲ್ಲ.