ಬ್ರೋಕರ್ ಕಡೆಯ ವಕೀಲರನ್ನೇ ಇಟ್ಟುಕೊಳ್ಳಬಹುದಾ?

ಪ್ರಶ್ನೆ: ಮೇಡಂ, ಕೊಂಡು ಬಾಡಿಗೆಗೆ ಬಿಡೋಕೆ ಅಂತ ಒಂದು ಫ್ಲ್ಯಾಟ್ ನೋಡಿದ್ದೇನೆ. ನಾನಿರೋದು ಒಂದು ಊರು, ಫ್ಲ್ಯಾಟ್ ಇರೋದು ಇನ್ನೊಂದು ಊರು. ಬ್ರೋಕರ್ ತುಂಬಾ ಚುರುಕು. ವಕೀಲರು, ಕಟ್ಟಡ ನೋಡೋ ಇಂಜಿನಿಯರ್, ಆಮೇಲೆ ಮನೆ ನೋಡಿಕೊಳ್ಳೋರು, ಎಲ್ಲಾದಕ್ಕೂ "ನಮ್ಮವರೇ ಇದ್ದಾರೆ ಬಿಡಿ" ಅಂತಾರೆ. ಓಡಾಟವೂ ತಪ್ಪುತ್ತೆ. ಒಪ್ಪಿಕೊಳ್ಳಲಾ?

ಉತ್ತರ (ಆಸ್ತಿ ಪತ್ರ ನೋಡುವ ವಕೀಲೆ): ಬೇಡ. ಬ್ರೋಕರ್ ಕೆಟ್ಟವರು ಅಂತಲ್ಲ. ವ್ಯಾಪಾರ ಮುರಿದರೆ ಅವರಿಗೆ ಕಮಿಷನ್ ಇಲ್ಲ. ವಕೀಲರ, ಇಂಜಿನಿಯರ್‌ರ ಕೆಲಸವೋ, ಅಗತ್ಯ ಬಿದ್ದರೆ ಅದನ್ನು ಮುರಿಯೋದೇ. ಮೇಲಿಂದ ಮೇಲೆ ಕಕ್ಷಿದಾರರನ್ನು ಕಳಿಸೋ ಬ್ರೋಕರ್ ಎದುರು "ಈ ಕ್ರಯಪತ್ರದಲ್ಲಿ ಒಬ್ಬ ವಾರಸುದಾರರ ಸಹಿ ಇಲ್ಲ, ತಗೋಬೇಡಿ" ಅನ್ನೋಕೆ ಗಟ್ಟಿ ಮನಸ್ಸು ಬೇಕು. ಅಂಥವರೂ ಇದ್ದಾರೆ. ಆದರೆ ಅದನ್ನು ಪರೀಕ್ಷೆ ಮಾಡೋದು ನಿಮ್ಮ ದುಡ್ಡಲ್ಲಿ ಯಾಕೆ?

ವಕೀಲರು, ಇಂಜಿನಿಯರ್ ಇಬ್ಬರನ್ನೂ ನೀವೇ ಹುಡುಕಿ. ಖರೀದಿ ಆದರೂ ಆಗದಿದ್ದರೂ ಫೀಸು ಅಷ್ಟೇ ಅಂತ ಮೊದಲೇ ಮಾತಾಡಿ. ವರದಿ ಸಹಿ ಹಾಕಿದ ಕಾಗದದಲ್ಲಿ ಬರಲಿ, ಫೋನಲ್ಲಿ "ಎಲ್ಲಾ ಸರಿ ಇದೆ" ಅಂದದ್ದು ಲೆಕ್ಕಕ್ಕಿಲ್ಲ.

ಪ್ರಶ್ನೆ: ಸರಿ ಮೇಡಂ. ಮನೆ ನೋಡಿಕೊಳ್ಳೋರನ್ನು ಆರಿಸೋದು ಹೇಗೆ? ಒಬ್ಬರು ಬಾಡಿಗೆಯಲ್ಲಿ 6% ಕೇಳ್ತಾರೆ, ಇನ್ನೊಬ್ಬರು 10%.

ಉತ್ತರ: ಆ 4% ಅಂದರೆ ವರ್ಷಕ್ಕೆ ಸುಮಾರು 15 ದಿನದ ಬಾಡಿಗೆ. ಅಗ್ಗದವರು ಮನೆಯನ್ನು 15 ದಿನ ಹೆಚ್ಚಿಗೆ ಖಾಲಿ ಬಿಟ್ಟರೆ ಉಳಿತಾಯ ಅಲ್ಲಿಗೇ ಹೋಯ್ತು. ಹಾಗಾಗಿ ಕೇಳಬೇಕಾದ್ದು ಬೇರೆ. ಫೀಸು ವಸೂಲಾದ ಬಾಡಿಗೆ ಮೇಲೋ, ಬರಬೇಕಾದ ಬಾಡಿಗೆ ಮೇಲೋ? ಮೊದಲನೆಯದಾದರೆ ಬಾಡಿಗೆದಾರರು ಕೊಡದಿದ್ದಾಗ ಅವರಿಗೂ ಚುರುಕು ಮುಟ್ಟುತ್ತೆ. ಹೊಸ ಬಾಡಿಗೆದಾರರನ್ನು ತಂದಾಗಲೆಲ್ಲ ದೊಡ್ಡ ಮೊತ್ತ ಕೇಳ್ತಾರಾ? ಹಾಗಿದ್ದರೆ ಜನ ಬದಲಾಗ್ತಾ ಇದ್ದಷ್ಟೂ ಅವರಿಗೇ ಲಾಭ. ರಿಪೇರಿ ಬಿಲ್ಲಿನ ಮೇಲೆ ಅವರ ಪಾಲು ಎಷ್ಟು ಅಂತಲೂ ನೇರವಾಗಿ ಕೇಳಿ.

ಬೇರೆ ಮಾಲೀಕರ ಹೆಸರು ಮರೆಮಾಡಿ ಒಂದು ತಿಂಗಳ ಲೆಕ್ಕ ತೋರಿಸಿ ಅನ್ನಿ. "ಪ್ಲಂಬಿಂಗ್ ಕೆಲಸ" ಅಂತ ಒಂದೇ ಸಾಲು, ತಾರೀಖಿಲ್ಲ, ಫೋಟೋ ಇಲ್ಲ ಅಂದರೆ ನಿಮ್ಮ ಬಿಲ್ಲೂ ಹಾಗೇ ಬರುತ್ತೆ. ವಿಚಾರಿಸಿ ನೋಡಿ ಅಂತ ಅವರು ಕೊಡೋ ಫೋನ್ ನಂಬರುಗಳ ಬಗ್ಗೆ ನನಗೇನೂ ಅಂಥ ಗೌರವ ಇಲ್ಲ, ಹೊಗಳೋರ ನಂಬರ್ ತಾನೇ ಕೊಡೋದು! ಅವರನ್ನು ಬಿಟ್ಟುಹೋದ ಮಾಲೀಕರೊಬ್ಬರು ಸಿಕ್ಕರೆ ಮಾತಾಡಿಸಿ.

ಅವರಿಗೆ ಪವರ್ ಆಫ್ ಅಟಾರ್ನಿ (ನಿಮ್ಮ ಪರವಾಗಿ ಸಹಿ ಹಾಕೋ ಅಧಿಕಾರಪತ್ರ) ಕೊಡೋದಾದರೆ ಬಾಡಿಗೆ ಕರಾರಿಗೆ ಮಾತ್ರ. ಮಾರೋ, ಅಡ ಇಡೋ ಅಧಿಕಾರ ಅದರಲ್ಲಿ ಇರಕೂಡದು.

ಇನ್ನೊಬ್ಬ ಸದಸ್ಯರು: ನಮ್ಮ ಫ್ಲ್ಯಾಟ್ ಮೂರು ತಿಂಗಳಿಂದ ಖಾಲಿ ಅಂತಿದ್ದರು ಮನೆ ನೋಡಿಕೊಳ್ಳೋರು. ಒಂದಿನ ಹೇಳದೇ ಹೋದೆ. ಬಾಲ್ಕನಿಯಲ್ಲಿ ಸ್ಕೂಲ್ ಯೂನಿಫಾರ್ಮ್ ಒಣಗ್ತಿತ್ತು!

ಪ್ರಶ್ನೆ: ಅಯ್ಯೋ! ದೂರದಲ್ಲಿರೋರು ಇದನ್ನು ಹೇಗೆ ಕಂಡುಹಿಡಿಯೋದು?

ಉತ್ತರ: ಕರೆಂಟ್ ಸಂಪರ್ಕ ನಿಮ್ಮ ಹೆಸರಲ್ಲೇ ಇರಲಿ, ಬಿಲ್ ನಿಮ್ಮ ಮೊಬೈಲಿಗೆ ಬರಲಿ. ಕಟ್ಟೋದು ಬಾಡಿಗೆದಾರರೇ ಆದರೂ ಯೂನಿಟ್ ನೀವು ನೋಡ್ತಾ ಇರಿ. "ಖಾಲಿ" ಅಂದ ತಿಂಗಳಲ್ಲೂ ಮೀಟರ್ ಎಂದಿನಂತೆ ಓಡಿದ್ದರೆ, ಅವರಿಗೆ ಫೋನ್ ಮಾಡೋ ಮೊದಲು ಬಸ್ ಹತ್ತಿ.