ಸಾಂದ್ರತೆ, ಸಾರತೆ, ಗಾಢತೆ: ಕಾನ್ಸಂಟ್ರೇಶನ್‌ಗೆ ಯಾವುದು?

ಕೊಳವೆಯಲ್ಲಿ ಹರಿಯುತ್ತಿರುವ ಆಮ್ಲವೋ ಕಾಸ್ಟಿಕ್ ಸೋಡವೋ ಎಷ್ಟು ಪರ್ಸೆಂಟ್ ಇದೆ ಎಂದು ಅಲ್ಲೇ ಅಳೆದು ತೋರಿಸುವ ಉಪಕರಣದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲು ಯಾರೋ ಅರ್ಧ ಮಾಡಿಟ್ಟಿದ್ದ ಕರಡು ಕೈಗೆ ಬಂತು. ಅದರಲ್ಲೊಂದು ವಾಕ್ಯ: 'ಉಪಕರಣವು ಸಾಂದ್ರತೆ ಹಾಗೂ ಉಷ್ಣತೆಯನ್ನು ಅಳೆದು, ಅವುಗಳಿಂದ ಸಾಂದ್ರತೆಯನ್ನು ಲೆಕ್ಕ ಹಾಕುತ್ತದೆ.' ಪರದೆಯ ಎರಡು ಸಾಲಿಗೆ 'ಸಾಂದ್ರತೆ 1', 'ಸಾಂದ್ರತೆ 2' ಎಂದು ಹೆಸರಿಟ್ಟು ಆ ಪುಣ್ಯಾತ್ಮರು ಕೈತೊಳೆದುಕೊಂಡಿದ್ದಾರೆ.

ಮೊದಲನೆಯದು ಡೆನ್ಸಿಟಿ, ಅಂದರೆ ಒಂದು ಲೀಟರ್ ದ್ರವ ಎಷ್ಟು ತೂಗುತ್ತದೆ ಎಂಬ ಲೆಕ್ಕ. ಎರಡನೆಯದು ಕಾನ್ಸಂಟ್ರೇಶನ್, ಅಂದರೆ ಆ ದ್ರವದಲ್ಲಿ ಕರಗಿದ್ದು ಎಷ್ಟು ಪಾಲು. ಎರಡೂ ಜೊತೆಜೊತೆಗೆ ಏರುತ್ತವೆ ಎಂದುಕೊಂಡರೆ ಕೆಟ್ಟೆವು. ನೀರಿಗೆ ಅಮೋನಿಯಾ ಸೇರಿದಷ್ಟೂ ದ್ರಾವಣ ಹಗುರಾಗುತ್ತದೆ. 25 ಪರ್ಸೆಂಟಿನದು ಲೀಟರಿಗೆ ಸುಮಾರು 0.91 ಕೆ.ಜಿ. ಅಷ್ಟೇ. ಸಲ್ಫ್ಯೂರಿಕ್ ಆಮ್ಲದ್ದು ಇನ್ನೂ ವಿಚಿತ್ರ. ಅದರ ಡೆನ್ಸಿಟಿ 97-98 ಪರ್ಸೆಂಟಿನ ಆಸುಪಾಸಿನಲ್ಲಿ ತುದಿ ಮುಟ್ಟಿ, ಅಲ್ಲಿಂದ 100ರ ಕಡೆಗೆ ಹೋಗುವಾಗ ತುಸು ಇಳಿಯುತ್ತದೆ. ಹಾಗಾಗಿ ಅಲ್ಲಿ ಡೆನ್ಸಿಟಿಯೊಂದನ್ನೇ ನಂಬದೆ ಶಬ್ದದ ವೇಗವನ್ನು ಅಳೆಯುವ ಉಪಕರಣ ಹಾಕುವುದುಂಟು. ಇದನ್ನೆಲ್ಲ ಆ ಕರಡಿನ ಕನ್ನಡದಲ್ಲಿ ಬರೆದರೆ 'ಸಾಂದ್ರತೆ ಏರಿದಂತೆ ಸಾಂದ್ರತೆ ಇಳಿಯುತ್ತದೆ' ಎಂದಾಗುತ್ತದೆ!

ಗೊಂದಲದ ಬೇರು ಹಿಂದಿಯಲ್ಲಿರಬಹುದು ಎಂದು ನನ್ನ ಗುಮಾನಿ. ಅಲ್ಲಿ ಸಾಂದ್ರತಾ ಎಂದರೆ ಕಾನ್ಸಂಟ್ರೇಶನ್, ಡೆನ್ಸಿಟಿಗೆ ಘನತ್ವ. ನಮ್ಮ ಶಾಲಾ ಪುಸ್ತಕಗಳಲ್ಲಿ ಸಾಂದ್ರತೆ ಡೆನ್ಸಿಟಿಯ ಪಾಲಿಗೆ ಹೋಗಿ ಎಷ್ಟೋ ಕಾಲವಾಯಿತು. ಅದನ್ನೀಗ ಕದಲಿಸುವುದು ಬೇಡ.

ಉಳಿದ ಪದಗಳಲ್ಲಿ 'ಗಾಢತೆ' ತೆಲುಗಿನವರಿಗೆ ಒಗ್ಗಿದೆ. ನಮಗೆ ಗಾಢ ಎಂದೊಡನೆ ನಿದ್ದೆಯೋ ಬಣ್ಣವೋ ನೆನಪಾಗುತ್ತದೆ, ತೊಡಕೂ ಅಲ್ಲೇ. ಬೆಳಕಿನ ನೆರವಿನಿಂದ ಕಾನ್ಸಂಟ್ರೇಶನ್ ಹೇಳುವ ರಿಫ್ರ್ಯಾಕ್ಟೋಮೀಟರು ಪ್ರಿಸಮ್ಮಿಗೆ ತಾಗಿದ ದ್ರವದಿಂದ ಬೆಳಕು ಯಾವ ಕೋನದಲ್ಲಿ ಪೂರ್ತಿ ಹಿಂದಿರುಗುತ್ತದೆ ಎಂದು ನೋಡುತ್ತದೆ, ದ್ರವ ಕಪ್ಪಗಿದ್ದರೂ ಅದಕ್ಕೆ ಚಿಂತೆಯಿಲ್ಲ. 'ಗಾಢತೆ ಹೆಚ್ಚಿದೆ' ಎಂದು ಓದಿದವನು ಬಣ್ಣ ನೋಡಲು ಹೋದರೆ ತಪ್ಪು ಯಾರದು? 'ಪ್ರಬಲ' ಎನ್ನೋಣವೆಂದರೆ ಅದು ಸ್ಟ್ರಾಂಗ್‌ಗೆ, ಅಂದರೆ ನೀರಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಅಯಾನುಗಳಾಗಿ ಒಡೆಯುವ ಆಮ್ಲಕ್ಕೆ ಮೀಸಲು. ಅಸಿಟಿಕ್ ಆಮ್ಲ 99 ಪರ್ಸೆಂಟ್ ಇದ್ದರೂ ದುರ್ಬಲ ಆಮ್ಲವೇ.

ಹಾಗಾಗಿ ನನ್ನ ಒಲವು 'ಸಾರತೆ'ಯ ಕಡೆಗೆ. ಡೈಲ್ಯೂಟ್ ಆಮ್ಲವನ್ನು ಸಾರರಿಕ್ತ ಎಂದು ಶಾಲೆಯಲ್ಲೇ ಓದಿದ್ದೇವೆ, ಅದರ ಬಳಗದ ಪದವಿದು. (ಸಾರರಿಕ್ತ ಎಂದರೆ ಸಾರವೇ ಇಲ್ಲದ್ದು ಎಂದಾಗುತ್ತದೆ ನಿಜ. ಕೈಮೇಲೆ ಬಿದ್ದರೆ ಎಷ್ಟು ರಿಕ್ತ ಎಂದು ಗೊತ್ತಾಗುತ್ತದೆ.)

ಎರಡು ಕಡೆ ಇನ್ನೂ ಸಿಕ್ಕಿಕೊಂಡಿದ್ದೇನೆ, ಬಲ್ಲವರು ಹೇಳಬೇಕು. ಒಂದು, ಉಪಕರಣದ ಹೆಸರು. 'ಸಾರತಾಮಾಪಕ' ನಾಲಿಗೆಗೆ ತೊಡಕು, 'ಸಾರಮಾಪಕ' ಸಾಕೇ? ಅದು ನೇರವಾಗಿ ಅಳೆಯುವುದು ತೂಕವನ್ನೋ ಬೆಳಕನ್ನೋ ವಾಹಕತೆಯನ್ನೋ, ಸಾರತೆಯನ್ನಲ್ಲ ಎಂಬ ಅಳುಕೂ ಇದೆ. ಇನ್ನೊಂದು, ಎಚ್ಚರಿಕೆಯ ಸಾಲು. 'ಸಾರತೆ ಮಿತಿಮೀರಿದೆ' ಎಂದು ಬರೆದಿದ್ದೆ. ಪ್ಲಾಂಟಿನಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ಓದಿ, 'ಆಸಿಡ್ ಪರ್ಸೆಂಟ್ ಜಾಸ್ತಿ ಅಂತ ಹಾಕಿ ಸಾರ್, ರಾತ್ರಿ ಪಾಳಿಯವನು ಓಡಿ ಬರ್ತಾನೆ' ಎಂದರು. ಪರದೆಯ ಮೇಲೆ ಅವರ ಮಾತು, ಕೈಪಿಡಿಯೊಳಗೆ ಸಾರತೆ, ಹೀಗೆ ಎರಡನ್ನೂ ಇಟ್ಟುಕೊಂಡರೆ ಆದೀತೇ?